‘ನೀವು ಮುಂದೆ ಹೋಗಿ’ ಎಂಬ ಸನ್ನೆ

ದೇಶದ ಸದ್ಯದ ಇಕ್ಕಟ್ಟಿಗೆ ತಾನೇ ಕಾರಣ ಎಂಬುದು ಮೆಲ್ಲಿಗೆ ಖಾತ್ರಿಯಾದದ್ದು ಬೆಳಿಗ್ಗೆ ಹಲ್ಲುಜ್ಜುವಾಗ. ಬಾಯ್ತುಂಬ ನೊರೆ ಇದ್ದುದರಿಂದ ಕೂಡಲೇ ಯಾರಿಗೂ ಹೇಳುವ ಹಾಗಿರಲಿಲ್ಲ. ನೊರೆ ಇಲ್ಲದಿದ್ದರೂ ಅವಳು ಹೇಳುವವಳಲ್ಲ. ಕನ್ನಡಿಯಲ್ಲಿದ್ದವಳನ್ನು ನೋಡಿ, ‘ನಿಜ ಹೇಳು, ಕೈ ಬೀಸಿದ್ದು ನೀನೇ ತಾನೆ?’ ಎಂದು ಮನಸ್ಸಿನಲ್ಲೇ ಕೇಳಿದಳು. ಕನ್ನಡಿಯವಳು ತಲೆ ತಗ್ಗಿಸಿ ಉಗುಳಿದಳು. ಅಲ್ಲಿಗೆ ತಪ್ಪೊಪ್ಪಿಗೆ ಮುಗಿಯಿತು.

ಮೆಲ್ಲಿ ಅವಳ ನಿಜವಾದ ಹೆಸರಲ್ಲ. ಮೆಲ್ಲಗೆ ನಡೆದು, ಮೆಲ್ಲಗೆ ಮಾತಾಡಿ, ಬಾಗಿಲನ್ನು ಬೆಕ್ಕಿಗೂ ಕೇಳದಷ್ಟು ಮೆಲ್ಲಗೆ ಮುಚ್ಚುವವಳಿಗೆ ಮನೆಯವರು ಇಟ್ಟ ಹೆಸರು. ಪದವಿ ಪಡೆದವಳು ಹೌದು. ಆದರೆ ವೇದಿಕೆ ಹತ್ತಲು ನಾಚಿ ಪದವಿ ಪತ್ರವನ್ನು ಅಂಚೆಯಲ್ಲಿ ತರಿಸಿಕೊಂಡವಳು. ದಿನಚರಿ ಬರೆಯುವ ಅಭ್ಯಾಸವಿತ್ತು. ಅಲ್ಲಿಯೂ ಸಂಕೋಚ ಬಿಡುತ್ತಿರಲಿಲ್ಲ. ‘ಇವತ್ತು ಮೋಡ. ಮಧ್ಯಾಹ್ನ ಸ್ವಲ್ಪ ಗಾಳಿ’ ಎಂದು ಬರೆದು, ಯಾಕೋ ಮಾತು ಜಾಸ್ತಿಯಾಯಿತು ಅನ್ನಿಸಿ ಗಾಳಿಯನ್ನು ಹೊಡೆದುಹಾಕುತ್ತಿದ್ದಳು.

ಅವರದು ಇಕ್ಕಟ್ಟಾದ ಓಣಿಯ ತಿರುವಿನಲ್ಲಿದ್ದ ಉದ್ದನೆಯ ಮನೆ. ಒಂದೇ ಮನೆ, ಎರಡು ಸಂಸಾರ. ಈ ತುದಿಯ ಬೀದಿಬಾಗಿಲು ಅಪ್ಪನದು, ಆ ತುದಿಯದು ಚಿಕ್ಕಪ್ಪನದು, ನಡುವೆ ಎರಡು ಕದದ ಒಂದು ಒಳಬಾಗಿಲು. ಆ ಕಾಲಕ್ಕೆ ದೇಶದಲ್ಲಿ ಉಳಿದಿದ್ದದ್ದು ಎರಡೇ ಬಗೆಯ ಮನುಷ್ಯರು: ಗಂಟೆ ಪಕ್ಷದವರು ಮತ್ತು ಬಾಚಣಿಗೆ ಪಕ್ಷದವರು. ಅಪ್ಪ ಗಂಟೆ. ಚಿಕ್ಕಪ್ಪ ಬಾಚಣಿಗೆ, ತಲೆಯ ಮೇಲೆ ಒಂದು ಕೂದಲೂ ಇಲ್ಲದಿದ್ದರೂ. ಹೋದ ಚುನಾವಣೆಯ ಫಲಿತಾಂಶದ ದಿನ ಒಂದೇ ಸೋಫಾದಲ್ಲಿ ಕೂತು ಒಂದೇ ಟಿವಿ ನೋಡುತ್ತಿದ್ದ ಅಣ್ಣತಮ್ಮಂದಿರು ಎದ್ದವರು ಮತ್ತೆ ಜೊತೆಯಲ್ಲಿ ಕೂರಲಿಲ್ಲ. ಸಂಜೆಯ ಹೊತ್ತಿಗೆ ಒಳಬಾಗಿಲು ಮುಚ್ಚಿತು. ಅಪ್ಪ ಅದಕ್ಕೆ ಅಡ್ಡಲಾಗಿ ಬಟ್ಟೆಯ ಬೀರು ಒತ್ತಿ ನಿಲ್ಲಿಸಿದರು. ಆ ಕಡೆಯಿಂದಲೂ ಏನೋ ಭಾರವಾದದ್ದನ್ನು ಎಳೆದ ಸದ್ದು ಬಂತು. ಅದೂ ಸಾಲದೆ, ಈಗ ಆ ಬಾಗಿಲಿಗೆ ಇಟ್ಟಿಗೆಯ ಗೋಡೆ ಎಬ್ಬಿಸಿಬಿಡುವುದೆಂದು ಇಬ್ಬರೂ ನಿಶ್ಚಯಿಸಿದ್ದರು. ಅವರಿಬ್ಬರೂ ಒಮ್ಮತಕ್ಕೆ ಬಂದ ವಿಷಯ ಇತ್ತೀಚೆಗೆ ಅದೊಂದೇ. ಇಟ್ಟಿಗೆ ಬಂದು ಅಂಗಳದಲ್ಲಿ ಬಿದ್ದಿತ್ತು. ಮೇಸ್ತ್ರಿ ಸೋಮವಾರ ಬರುವವನಿದ್ದ. ಚಿಕ್ಕಮ್ಮನ ಮಡಿಲಿಗೆ ಆ ಬಾಗಿಲಿಂದಲೇ ತೆವಳಿಕೊಂಡು ಹೋಗಿ ಬೆಳೆದ ಮೆಲ್ಲಿ, ಇಟ್ಟಿಗೆಯ ರಾಶಿ ಕಂಡಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದಳು.

ಇಂಥ ಮನೆಯಲ್ಲಿ ‘ನಾನು ಕಾರು ಓಡಿಸಲು ಕಲಿಯುತ್ತೇನೆ’ ಎಂದು ಬಾಯಿ ಬಿಟ್ಟರೆ, ಕ್ಲಚ್ಚು ಯಾವ ಪಕ್ಷದ್ದು, ಬ್ರೇಕು ಯಾವ ಪಕ್ಷದ್ದು ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಮೆಲ್ಲಿ ಗ್ರಂಥಾಲಯಕ್ಕೆಂದು ಹೇಳಿ ಡ್ರೈವಿಂಗ್ ಶಾಲೆಗೆ ಹೋಗುತ್ತಿದ್ದಳು. ಹುಟ್ಟಿದಂದಿನಿಂದ ಯಾರನ್ನೂ ಕೇಳದೆ ಅವಳು ಮಾಡಿದ ಕೆಲಸ ಅದೊಂದೇ. ಕಲಿಸುವ ಮೇಷ್ಟ್ರು ಮಾತ್ರ ತಲೆಯ ಮೇಲೆ ಕೈ ಹೊತ್ತುಕೊಂಡಿದ್ದರು.

“ಅಲ್ಲಮ್ಮಾ, ರಿವರ್ಸ್ ಅಂದ್ರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೀತೀಯ. ಎಂಥಾ ಸಂದೀಲೂ ತೂರಿಸ್ತೀಯ. ಮುಂದೆ ಹೋಗು ಅಂದ್ರೆ ಮಾತ್ರ ಎದುರಿಗೆ ಬರೋ ನಾಯಿಗೂ ದಾರಿ ಬಿಟ್ಟು ನಿಂತ್ಕೋತೀಯಲ್ಲ! ನಾಯಿನೇ ನಾಚ್ಕೊಂಡು ವಾಪಸ್ ಹೋಯ್ತು ನಿನ್ನೆ.”

ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷೆಯಲ್ಲಿ ಕೈಸನ್ನೆಗಳನ್ನು ಕೇಳುತ್ತಾರೆ. ಆ ಭಾನುವಾರ ಬೆಳಿಗ್ಗೆ ಮೆಲ್ಲಿ ಬಾಲ್ಕನಿಯಲ್ಲಿ ಅಡುಗೆಮನೆಯ ಸ್ಟೂಲು ಹಾಕಿಕೊಂಡು, ಊಟದ ತಟ್ಟೆಯನ್ನು ಸ್ಟಿಯರಿಂಗಿನಂತೆ ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಲಗೈಯನ್ನು ಕಂಬಿಯ ಆಚೆ ಚಾಚಿದಳು. ಸನ್ನೆಗಳಲ್ಲೆಲ್ಲ ಅವಳಿಗೆ ಬಹಳ ಇಷ್ಟವಾದದ್ದು, ಕೈಯನ್ನು ಹಿಂದಿನಿಂದ ಮುಂದಕ್ಕೆ ನಿಧಾನವಾಗಿ ಬೀಸುವುದು. ‘ನನ್ನದೇನಿಲ್ಲ, ನೀವು ಮುಂದೆ ಹೋಗಿ’ ಎಂದು ಅದರ ಅರ್ಥ. ತನ್ನ ಸ್ವಭಾವವನ್ನು ನೋಡಿಯೇ ಸರ್ಕಾರ ಆ ಸನ್ನೆಯನ್ನು ಮಾಡಿದೆಯೇನೋ ಎಂದು ಅವಳಿಗೆ ಅನ್ನಿಸುತ್ತಿತ್ತು. ಹಾಗಾಗಿ ಬೀಸಿದಳು, ಬೀಸುತ್ತಲೇ ಇದ್ದಳು.

ಬಾಲ್ಕನಿ ಇದ್ದದ್ದು ತಿರುವಿನ ನೆತ್ತಿಯ ಮೇಲೆ. ಓಣಿಯ ಎರಡೂ ಕಡೆಯಿಂದ ಬರುವವರಿಗೆ ಬಾಲ್ಕನಿ ಕಾಣುತ್ತದೆ; ಒಬ್ಬರಿಗೊಬ್ಬರು ಕಾಣುವುದಿಲ್ಲ. ಈ ಕಡೆಯಿಂದ “ಗಂಟೆ ಬಾರಿಸಿ, ದೇಶ ಎಬ್ಬಿಸಿ!” ಎಂದು ಕೂಗುತ್ತ ಒಂದು ಪ್ರಚಾರದ ವ್ಯಾನು, ಆ ಕಡೆಯಿಂದ “ಸಿಕ್ಕು ಬಿಡಿಸಿ, ದೇಶ ಉಳಿಸಿ!” ಎಂದು ಕೂಗುತ್ತ ಇನ್ನೊಂದು. ಎರಡೂ ಸಾಮಾನ್ಯ ವ್ಯಾನುಗಳಲ್ಲ. ಹಿಂದೆ, ಪಕ್ಕ, ತಲೆಯ ಮೇಲೆ, ಎಲ್ಲಿ ನೋಡಿದರೂ ನಾಯಕರ ಆಳೆತ್ತರದ ಚಿತ್ರಗಳು. ಇಬ್ಬರು ಡ್ರೈವರುಗಳೂ ತಿರುವಿನಲ್ಲಿ ಹಿಂದೆಮುಂದೆ ನೋಡಿದರು. ಮೇಲೆ ಒಬ್ಬಳು ಹೆಣ್ಣುಮಗಳು ‘ಬನ್ನಿ, ಬನ್ನಿ’ ಎಂಬಂತೆ ಭಕ್ತಿಯಿಂದ ಕಣ್ಣು ಮುಚ್ಚಿ ಕೈ ಬೀಸುತ್ತಿದ್ದಳು. ಇಬ್ಬರೂ ನುಗ್ಗಿದರು.

ಬ್ರೇಕಿನ ಸದ್ದಿಗೆ ಮೆಲ್ಲಿ ಕಣ್ಣು ಬಿಟ್ಟಾಗ ಎರಡು ವ್ಯಾನುಗಳು ಅವಳ ಕಾಲಡಿಯಲ್ಲಿ ಮೂಗಿಗೆ ಮೂಗು ತಾಗಿಸಿಕೊಂಡು ನಿಂತಿದ್ದವು.

“ಹಿಂದೆ ತೆಗಿಯಯ್ಯಾ!” ಎಂದ ಗಂಟೆಯ ಡ್ರೈವರು.

“ನೀನು ತೆಗಿ! ನಂಗೆ ಸಿಗ್ನಲ್ ಸಿಕ್ಕಿದೆ. ಮೇಲಿನ ಮನೆ ಅಮ್ಮಾವ್ರು ಕೈ ಬೀಸಿ ಕರೆದ್ರು.”

“ಕರೆದಿದ್ದು ನನ್ನನ್ನ!”

ಓಣಿಯ ತಲೆಗಳೆಲ್ಲ ಮೇಲಕ್ಕೆ ಎದ್ದವು. ಮೆಲ್ಲಿ ತಟ್ಟೆಯನ್ನು ಮುಖಕ್ಕೆ ಅಡ್ಡ ಹಿಡಿದು ಕೂತಲ್ಲೇ ಕುಗ್ಗಿದಳು.

ಇನ್‌ಸ್ಪೆಕ್ಟರು ಬಂದರು. ವ್ಯಾನಿಗೂ ಗೋಡೆಗೂ ನಡುವೆ ಎಷ್ಟು ಜಾಗವಿದೆ ಎಂದು ಬೆರಳು ತೂರಿಸಿ ನೋಡಿದರು. ಬೆರಳು ಸಿಕ್ಕಿಕೊಂಡಿತು. ಎದುರುಮನೆಯವರು ಸೋಪಿನ ನೀರು ಹೊಯ್ದು ಬಿಡಿಸಿದ ಮೇಲೆ, ಊದಿದ ಬೆರಳನ್ನು ಬಾಲ್ಕನಿಯ ಕಡೆ ತೋರಿಸಿ ಕೇಳಿದರು.

“ಏನಮ್ಮಾ, ನೀನು ಕರೆದದ್ದು ಯಾರನ್ನ? ಕರೆಸಿಕೊಂಡವರು ಮುಂದೆ ಹೋಗಲಿ, ಇನ್ನೊಬ್ಬರು ಹಿಂದೆ ತೆಗೀಲಿ. ವಿಷಯ ಮುಗೀತು.”

ಅಪ್ಪ ಈ ಬಾಗಿಲಲ್ಲಿ ನಿಂತು ಗುಡುಗಿದರು. “ನನ್ನ ಮಗಳು ಬಾಚಣಿಗೆಯವರನ್ನ ಕರೆದಿದ್ರೆ ಆ ಒಳಬಾಗಿಲು ಇವತ್ತೇ ಗೋಡೆ! ಮೇಸ್ತ್ರಿಗೆ ನಾನೇ ಸಿಮೆಂಟು ಕಲಸಿ ಕೊಡ್ತೀನಿ!”

ಆ ಬಾಗಿಲಿನಿಂದ ಚಿಕ್ಕಪ್ಪನ ದನಿ ಬಂತು. “ನಾನು ಎತ್ತಿ ಆಡಿಸಿದ ಮಗು ಗಂಟೆಯವರನ್ನ ಕರೆದಿದ್ರೆ, ಗೋಡೆ ಅಷ್ಟೇ ಅಲ್ಲ, ಗೋಡೆ ಮೇಲೆ ಗಾಜಿನ ಚೂರು!”

“ಮನೆಯೊಳಗಿನ ಗೋಡೆ ಮೇಲೆ ಗಾಜು ಯಾಕ್ರೀ?” ಎಂದು ಚಿಕ್ಕಮ್ಮ ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಮೆಲ್ಲಿ ಬಾಯಿ ತೆರೆದಳು. ಗಂಟೆ ಎಂದರೂ ಗೋಡೆ, ಬಾಚಣಿಗೆ ಎಂದರೂ ಗೋಡೆ. ನಿಜ ಹೇಳಿದರೆ ತಟ್ಟೆ, ಸ್ಟೂಲು, ಗ್ರಂಥಾಲಯ ಎಲ್ಲವೂ ಬೀದಿಗೆ ಬರುತ್ತವೆ. ಅವಳು ಬಾಯಿ ಮುಚ್ಚಿದಳು.

“ಯೋಚನೆ ಮಾಡಿ ಹೇಳ್ಲಿ,” ಎಂದು ಇನ್‌ಸ್ಪೆಕ್ಟರು ದನಿ ತಗ್ಗಿಸಿದರು. “ಯಾರೂ ಒತ್ತಡ ಹಾಕಬೇಡಿ. ತೂಕದ ಹುಡುಗಿ.”

ಅಷ್ಟರಲ್ಲಿ ಬೇರೆಯೇ ತಾಪತ್ರಯ ಶುರುವಾಯಿತು. ವ್ಯಾನುಗಳು ಓಣಿಗೆ ಬಿರಡೆ ಹಾಕಿದ ಹಾಗೆ ಕೂತಿದ್ದವು. ಆ ಕಡೆಯವರು ಈ ಕಡೆಗೆ, ಈ ಕಡೆಯವರು ಆ ಕಡೆಗೆ ಹೋಗುವಂತಿಲ್ಲ. ಮೊದಲು ಬಾಗಿಲು ತಟ್ಟಿದವರು ಪಕ್ಕದ ಮನೆಯ ಟೈಲರು, ಹೆಗಲ ಮೇಲೆ ಹೊಲಿದ ಬಟ್ಟೆಯ ಗಂಟು.

“ಅಣ್ಣಾ, ನಿಮ್ಮ ಮನೆ ಒಳಗಿಂದ ಆ ಕಡೆ ಬಿಟ್ಟುಬಿಡಿ. ಮದುಮಗನ ಕೋಟು ಇದು. ಅವನು ಅಲ್ಲಿ ಬನಿಯನ್ನಲ್ಲಿ ನಿಂತಿದ್ದಾನೆ.”

“ನಮ್ಮ ಮನೆಗೆ ಆ ಕಡೆ ಅನ್ನೋದೇ ಇಲ್ಲ,” ಎಂದರು ಅಪ್ಪ.

“ಬೀರು ಸರಿಸ್ರೀ ಸುಮ್ನೆ,” ಎಂದಳು ಅಮ್ಮ.

ಬೀರು ಸರಿಯಿತು. ಆಚೆಯಿಂದ ಚಿಕ್ಕಮ್ಮನ ಗೊಣಗಾಟದೊಂದಿಗೆ ಇನ್ನೊಂದು ಬೀರೂ ಸರಿದ ಸದ್ದು ಬಂತು.

“ಅವನು ಚಿಲಕ ಜಡಿದಿರ್ತಾನೆ, ತೆಗೆಯೋಕೆ ಹೇಳಿ,” ಎಂದರು ಅಪ್ಪ, ಟೈಲರನ್ನು ನೋಡಿ.

“ಚಿಲಕ ಹಾಕಿರೋದು ಅವರು. ಮೊದಲು ಅವರು ತೆಗೀಲಿ,” ಎಂದಿತು ಬಾಗಿಲಿನ ಆಚೆಯ ದನಿ.

ಟೈಲರಿಗೆ ಮದುಮಗನ ಚಿಂತೆ. ಒಂದು ಬೆರಳಿನಿಂದ ಕದವನ್ನು ತಳ್ಳಿದರು. ಅದು ತೆರೆದುಕೊಂಡಿತು.

ಈ ಕಡೆಯ ಚಿಲಕ ಹಾಕಿರಲಿಲ್ಲ. ಆ ಕಡೆಯ ಚಿಲಕವೂ ಹಾಕಿರಲಿಲ್ಲ. ಇಷ್ಟು ಕಾಲ ಅಣ್ಣ ತಮ್ಮ ಇಬ್ಬರೂ ಮುಚ್ಚಿದ ಬಾಗಿಲೆಂದು ನಂಬಿ ಬೀರು ಕಾವಲಿಟ್ಟದ್ದು ತೆರೆದ ಬಾಗಿಲಿಗೆ. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಮೆಲ್ಲಿ ಎರಡು ಮೆಟ್ಟಿಲು ಕೆಳಗಿಳಿದಳು.

“ಮರೆತುಹೋಗಿತ್ತು,” ಎಂದರು ಅಪ್ಪ, ಯಾರೂ ಕೇಳದಿದ್ದರೂ.

“ನಂಗೂ,” ಎಂದರು ಚಿಕ್ಕಪ್ಪ, ಬೀರುವಿನ ಕಡೆ ನೋಡುತ್ತ.

ಟೈಲರು ಹೋದದ್ದೇ ತಡ, ಕಟ್ಟೆ ಒಡೆದ ಹಾಗಾಯಿತು. ಓಣಿಗೆ ಓಣಿಯೇ ಮನೆಯೊಳಗೆ ಹರಿಯತೊಡಗಿತು. ಅಪ್ಪನ ಬಾಗಿಲಲ್ಲಿ ಒಳಗೆ, ನಡುಮನೆ ದಾಟಿ, ಒಳಬಾಗಿಲು ಹಾದು, ಚಿಕ್ಕಪ್ಪನ ಬಾಗಿಲಲ್ಲಿ ಹೊರಗೆ; ಎದುರಿನಿಂದಲೂ ಹಾಗೆಯೇ. ಅಮ್ಮ ಈ ತುದಿಯಲ್ಲಿ ನಿಂತು “ಚಪ್ಪಲಿ ಕೈಯಲ್ಲಿ ಹಿಡ್ಕೊಳ್ಳಿ!” ಎಂದರೆ ಚಿಕ್ಕಮ್ಮ ಆ ತುದಿಯಲ್ಲಿ “ಎಡಗಡೆ ನಡೀರಿ, ಹಾಲು ಒಲೆ ಮೇಲಿದೆ!” ಎನ್ನುತ್ತಿದ್ದಳು. ಬ್ಯಾಂಕಿನ ಗುಮಾಸ್ತರು, ನರ್ಸು, ಶಾಲೆಯ ಮಕ್ಕಳು, ಒಂದು ಮಡಚುವ ಮಂಚ, ಪಿಯಾನೋ ಕಲಿಸುವ ಮುದುಕಿ, ಎಲ್ಲರೂ ಕೈಯಲ್ಲಿ ಚಪ್ಪಲಿ ಹಿಡಿದು ಸಾಲಾಗಿ ನಡೆದರು. ಕಟ್ಟಾ ಗಂಟೆಯವರು ಚಿಕ್ಕಪ್ಪನ ನಡುಮನೆಯಲ್ಲಿ ಬಾಚಣಿಗೆ ನಾಯಕನ ಪಟದ ಕೆಳಗೆ ಹಾಯಬೇಕಾಗಿ ಬಂದಾಗ ಮೊದಲ ದಿನ ಕಣ್ಣು ಮುಚ್ಚಿಕೊಂಡು ಹೋಗಿ ಗೋಡೆಗೆ ಹಣೆ ಬಡಿಸಿಕೊಂಡರು. ಮರುದಿನ ಕಣ್ಣು ಬಿಟ್ಟುಕೊಂಡೇ ಹೋದರು. ಅದರ ಮರುದಿನ ಗಂಟೆಯ ಬ್ಯಾಡ್ಜು ಸಿಕ್ಕಿಸಿಕೊಂಡಿದ್ದ ಗುಮಾಸ್ತರೊಬ್ಬರು ನಿಂತು, ಓರೆಯಾಗಿದ್ದ ಆ ಪಟವನ್ನು ಎರಡು ಬೆರಳಿನಿಂದ ನೆಟ್ಟಗೆ ಮಾಡಿದರು. “ಅಲ್ಲ, ಓರೆ ಇದ್ರೆ ತಲೆ ನೋವು ಬರುತ್ತಲ್ವಾ,” ಎಂದು ತಮಗೆ ತಾವೇ ಸಮಜಾಯಿಷಿ ಕೊಟ್ಟುಕೊಂಡು ಸಾಲು ಸೇರಿದರು.

ಮೆಲ್ಲಿ ಬಾಯಿ ಬಿಟ್ಟುಕೊಂಡು ನೋಡಿದಳು. ಟಿವಿಯಲ್ಲಿ ಒಬ್ಬರನ್ನೊಬ್ಬರು ಹರಿದು ತಿನ್ನುವವರು ಇವರೇ ಏನು? ಇಲ್ಲಿ “ನೀವು ಮೊದಲು ಹೋಗಿ, ನಿಮ್ಮ ಕೈಯಲ್ಲಿ ಮೊಟ್ಟೆ ಇದೆ,” ಎನ್ನುತ್ತಿದ್ದಾರಲ್ಲ!

ಮೇಸ್ತ್ರಿ ಸೋಮವಾರ ಹೇಳಿದ ಹೊತ್ತಿಗೆ ಬಂದಿದ್ದ. ಕರಣೆ, ಬಾಂಡ್ಲಿ, ನೀರಿನ ಬಕೆಟ್ಟು ಇಟ್ಟುಕೊಂಡು ಒಳಬಾಗಿಲ ಪಕ್ಕ ಕೂತ. ಸಿಮೆಂಟು ಕಲಸಿದ. ಜನ ಮುಗಿದ ಕೂಡಲೇ ಮೊದಲ ಇಟ್ಟಿಗೆ ಇಡುವುದೆಂದು ಕಾದ. ಜನ ಮುಗಿಯಲಿಲ್ಲ. ಸಿಮೆಂಟು ಬಾಂಡ್ಲಿಯಲ್ಲೇ ಕಲ್ಲಾಯಿತು. ಮರುದಿನ ಮತ್ತೆ ಕಲಸಿದ. ಅದೂ ಕಲ್ಲಾಯಿತು. ಅವನ ಪಕ್ಕದಲ್ಲಿ ಬಾಂಡ್ಲಿಯ ಆಕಾರದ ಕಲ್ಲುಗಳು ಒಂದರ ಮೇಲೊಂದು ಸೇರಿದವು. “ಯಜಮಾನ್ರೇ, ಇಷ್ಟು ಜನ ಓಡಾಡೋ ಕಡೆ ನಾನು ಗೋಡೆ ಕಟ್ಟಿದ್ದೇ ಇಲ್ಲ. ಸೇತುವೆ ಆದ್ರೆ ಹೇಳಿ,” ಎಂದು ಅಪ್ಪನಿಗೆ ಹೇಳಿದ. “ಆ ಕಡೆಯವರನ್ನ ಕೇಳು,” ಎಂದರು ಅಪ್ಪ. “ಆ ಕಡೆಯವರನ್ನ ಕೇಳು,” ಎಂದರು ಆ ಕಡೆಯವರು.

ಇತ್ತ ವಿಷಯ ರಾಜಧಾನಿ ತಲುಪಿತು. ಎರಡೂ ಪಕ್ಷಗಳ ಕೇಂದ್ರ ಸಮಿತಿಗಳು ಅಹೋರಾತ್ರಿ ಸಭೆ ಸೇರಿ ‘ಒಂದು ಇಂಚೂ ಹಿಂದೆ ಸರಿಯೆವು’ ಎಂದು ನಿರ್ಣಯ ಹೊರಡಿಸಿದವು. ಎರಡರ ವಾಕ್ಯವೂ ಒಂದೇ ಆಗಿತ್ತೆಂದು, ಕದ್ದವರು ನೀವು ಎಂದು ಇನ್ನೊಂದು ಜಗಳ ಹುಟ್ಟಿತು. ದೇಶದುದ್ದಕ್ಕೂ ಲಿಫ್ಟಿನಲ್ಲಿ, ಮೆಟ್ಟಿಲಲ್ಲಿ, ಕಚೇರಿಯ ಶೌಚಾಲಯದ ಬಾಗಿಲಲ್ಲಿ ಜನ ಎದುರಾದವರಿಗೆ ದಾರಿ ಬಿಡುವುದನ್ನು ನಿಲ್ಲಿಸಿದರು. ಟಿವಿಯಲ್ಲಿ ಒಬ್ಬ ಪಂಡಿತರು, ಅಂದು ಓಣಿಯಲ್ಲಿ ಯಾರೋ ಫೋನಿನಲ್ಲಿ ಹಿಡಿದಿದ್ದ ಮೆಲ್ಲಿಯ ಕೈಯ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ತೋರಿಸಿದರು. “ಮಣಿಕಟ್ಟಿನ ಈ ಬಾಗುವಿಕೆಯನ್ನು ಗಮನಿಸಿ. ಇದು ಕರೆಯುವ ಕೈಯಲ್ಲ. ಶತಮಾನಗಳ ನೋವನ್ನು ಬೀಳ್ಕೊಡುವ ಕೈ. ಎಡಗೈಯಲ್ಲಿರುವ ಖಾಲಿ ತಟ್ಟೆ ಹಸಿದ ರಾಷ್ಟ್ರದ ಸಂಕೇತ.” ಇನ್ನೊಬ್ಬ ಪಂಡಿತರು ಅದು ತಟ್ಟೆಯಲ್ಲ, ಸೂರ್ಯ ಎಂದರು. ನಿರೂಪಕಿ ಕಣ್ಣೊರೆಸಿಕೊಂಡಳು. ಅಮ್ಮ ಮಾತ್ರ, “ಅಯ್ಯೋ, ಇದು ನಮ್ಮ ಮನೆ ಸೊಟ್ಟ ತಟ್ಟೆ ಅಲ್ವೇನೇ? ಅದನ್ಯಾಕೆ ಬಾಲ್ಕನಿಗೆ ತಗೊಂಡು ಹೋಗಿದ್ದೆ?” ಎಂದು ಕೇಳಿದಳು. ಮೆಲ್ಲಿ ಉತ್ತರಿಸಲಿಲ್ಲ. ಅವಳ ಮೌನ ಮರುದಿನದ ಪತ್ರಿಕೆಗಳಲ್ಲಿ ಮುಖಪುಟಕ್ಕೆ ಬಂತು.

ನಿಜವಾದ ಸಂಗತಿಯನ್ನು ಅವಳು ಕಂಡದ್ದು ಒಂದು ಮಧ್ಯಾಹ್ನ. ಓಣಿ ಉಂಡು ತೂಕಡಿಸುವ ಹೊತ್ತು. ಬಾಲ್ಕನಿಯ ಕಂಬಿಯ ಸಂದಿಯಿಂದ ಅವಳು ಕೆಳಗೆ ನೋಡುತ್ತಿದ್ದಳು. ಗಂಟೆಯ ಡ್ರೈವರು ಆಚೀಚೆ ನೋಡಿ, ಎಂಜಿನ್ ಚಾಲೂ ಮಾಡಿ, ಗೇರನ್ನು ಹಿಂದಕ್ಕೆ ಹಾಕಿದ. ವ್ಯಾನು ಒಂದು ಗೇಣು ಹಿಂದೆ ಹೋಗಿ ಗೋಡೆಗೆ ಗರ್ರನೆ ಉಜ್ಜಿತು. ಗಾಬರಿಯಿಂದ ಮತ್ತೆ ಮುಂದಕ್ಕೆ ತಂದು, ಎಂಜಿನ್ ಆರಿಸಿ, ಏನೂ ಆಗಿಲ್ಲವೆಂಬಂತೆ ನಾಯಕರ ಕರಪತ್ರದಿಂದ ಗಾಳಿ ಬೀಸಿಕೊಂಡ. ಸ್ವಲ್ಪ ಹೊತ್ತಿಗೆ ಬಾಚಣಿಗೆಯ ಡ್ರೈವರೂ ಆಚೀಚೆ ನೋಡಿದ. ಅದೇ ಗೇರು, ಅದೇ ಗೇಣು, ಅದೇ ಗರ್ರು, ಅದೇ ಕರಪತ್ರದ ಗಾಳಿ.

ಅವರ ಮೇಲ್ತುಟಿಯ ಬೆವರು ಮೆಲ್ಲಿಗೆ ಚೆನ್ನಾಗಿ ಗೊತ್ತಿತ್ತು. ಟ್ರಾಫಿಕ್ಕಿನ ಮುಂದೆ ತನ್ನ ತುಟಿಯ ಮೇಲೆ ಮೂಡುವ ಬೆವರೇ ಅದು. ಇಬ್ಬರಿಗೂ ರಿವರ್ಸು ಬರುವುದಿಲ್ಲ! ಹಿಂದಿನ ಗಾಜನ್ನು ನಾಯಕರ ಮುಖ ಮುಚ್ಚಿದೆ, ಪಕ್ಕದ ಕನ್ನಡಿಯನ್ನು ನಾಯಕರ ಕೈ ಮುಚ್ಚಿದೆ. ಈ ಹಾವಿನಂಥ ಓಣಿಯಲ್ಲಿ ಹಿಂದಕ್ಕೆ ಹೋಗುವುದು ಹೇಗೆಂದು ಇಬ್ಬರಿಗೂ ತಿಳಿಯದು. ಹೇಳಿಕೊಳ್ಳಲು ನಾಚಿಕೆ. ದೇಶವೆಲ್ಲ ಯಾವುದನ್ನು ಸಿದ್ಧಾಂತವೆಂದು ಎದೆ ಬಡಿದುಕೊಳ್ಳುತ್ತಿತ್ತೋ ಅದು ಇಬ್ಬರು ಸಂಕೋಚದ ಮನುಷ್ಯರು ಬಾಯಿ ಬಿಡಲಾರದೆ ಕೂತದ್ದು. ದೇಶದಲ್ಲಿ ತನ್ನ ಜಾತಿಯವರು ಇಷ್ಟೊಂದು ಮಂದಿ ಇದ್ದಾರೆಂದು ಮೆಲ್ಲಿಗೆ ಅಂದೇ ಗೊತ್ತಾಯಿತು.

ಕೊನೆಗೆ ಎರಡೂ ಪಕ್ಷಗಳ ಮುಖಂಡರು ತಾವೇ ಬಂದರು. ಅವಳ ಬಾಯಿಂದಲೇ ಕೇಳುವುದು, ಕೇಳಿದ ಕೂಡಲೇ ತೀರ್ಮಾನ. ಮುಖಂಡರೂ ಚಪ್ಪಲಿ ಕೈಯಲ್ಲಿ ಹಿಡಿದೇ ಒಳಗೆ ಬರಬೇಕಾಯಿತು, ಅಮ್ಮ ಬಿಡಲಿಲ್ಲ. ಒಳಬಾಗಿಲ ಹೊಸ್ತಿಲ ಆಚೆಗೊಬ್ಬರು, ಈಚೆಗೊಬ್ಬರು ಕೂತರು. ಅಪ್ಪ ಈ ಕಡೆಯಿಂದ ಒಂದು ಕದ ಹಿಡಿದು ನಿಂತರು. ಚಿಕ್ಕಪ್ಪ ಆ ಕಡೆಯಿಂದ ಇನ್ನೊಂದು ಕದ ಹಿಡಿದು ನಿಂತರು. ಉತ್ತರ ಬಂದೊಡನೆ ಮುಚ್ಚಲು ಇಬ್ಬರೂ ತಯಾರು. ಮೇಸ್ತ್ರಿ ಸಿಮೆಂಟು ತಿರುವುತ್ತ, “ಬೇಗ ಹೇಳಿಬಿಡು ತಾಯಿ, ಇದೂ ಗಟ್ಟಿಯಾಗ್ತಿದೆ,” ಎಂದ.

ಒಂದು ಪಕ್ಷದ ಮೈಕನ್ನು ಇನ್ನೊಂದು ಪಕ್ಷ ಒಪ್ಪಲಿಲ್ಲ. ಆದ್ದರಿಂದ ಎರಡೂ ವ್ಯಾನುಗಳಿಂದ ವೈರು ಎಳೆದು, ಎರಡು ಮೈಕುಗಳನ್ನು ಒಟ್ಟಿಗೆ ಟೇಪು ಸುತ್ತಿ ಮೆಲ್ಲಿಯ ಕೈಗೆ ಕೊಟ್ಟರು. ಇನ್‌ಸ್ಪೆಕ್ಟರು ಊದಿದ ಬೆರಳನ್ನು ತುಟಿಗೆ ಒತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಸಾಲಿನಲ್ಲಿ ಮೂರನೆಯವರಾಗಿ, ಕೈಯಲ್ಲಿ ಬೂಟು ಹಿಡಿದು ನಿಂತಿದ್ದವರು ಅವಳ ಡ್ರೈವಿಂಗ್ ಮೇಷ್ಟ್ರು. ಅವರು ಅವಳನ್ನು ನೋಡಿದರು. ಮುಂದೆ ಹೋಗು ಎಂದು ಹುಬ್ಬು ಮಾತ್ರ ಏರಿಸಿದರು. ಇಬ್ಬರು ಡ್ರೈವರುಗಳು ಕಿಟಕಿಯಲ್ಲಿ ತಲೆ ತೂರಿಸಿ, ತಮ್ಮ ಮಾನವೆಲ್ಲ ಅವಳ ಕೈಯಲ್ಲಿದೆ ಎಂಬಂತೆ ನಿಂತಿದ್ದರು. ಅವರ ಹಿಂದೆ ಓಣಿ, ಓಣಿಯ ಹಿಂದೆ ಕ್ಯಾಮರಾಗಳು, ಕ್ಯಾಮರಾಗಳ ಹಿಂದೆ ದೇಶ.

ಮೆಲ್ಲಿ ಉಸಿರೆಳೆದುಕೊಂಡಳು. ಅದು ಹೊರಗೆ ಎರಡೂ ಸ್ಪೀಕರುಗಳಲ್ಲಿ ಬಿರುಗಾಳಿಯಂತೆ ಕೇಳಿಸಿ ಪಾರಿವಾಳಗಳು ಹಾರಿದವು.

“ನಾನು ಯಾರನ್ನೂ ಕರೀಲಿಲ್ಲ,” ಎಂದಳು.

ಗಂಟೆಯ ಸ್ಪೀಕರಿನಿಂದಲೂ ಬಾಚಣಿಗೆಯ ಸ್ಪೀಕರಿನಿಂದಲೂ ಒಂದೇ ಮಾತು, ಒಂದೇ ದನಿಯಲ್ಲಿ ಬಂತು. ಹಿಂದೆಂದೂ ಹಾಗಾಗಿದ್ದಿಲ್ಲ. ಬಾಯಲ್ಲಿ ಪೆನ್ನು ಕಚ್ಚಿದ್ದ ವರದಿಗಾರ ಪೆನ್ನು ಬೀಳಿಸಿದ. ಜನ ತಲೆ ಎತ್ತಿ ಒಮ್ಮೆ ಈ ವ್ಯಾನನ್ನು, ಒಮ್ಮೆ ಆ ವ್ಯಾನನ್ನು ನೋಡಿದರು.

“ಹಾಗಾದ್ರೆ ಗೋಡೆ ಯಾರ ಲೆಕ್ಕಕ್ಕೆ?” ಎಂದು ಮೇಸ್ತ್ರಿ ಕೇಳಿದ.

ಗಂಟೆ ಎಂದಿದ್ದರೆ ಏನು ಮಾಡಬೇಕೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಬಾಚಣಿಗೆ ಎಂದಿದ್ದರೆ ಏನು ಮಾಡಬೇಕೆಂದು ಅಪ್ಪನಿಗೆ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಅಣ್ಣ ತಮ್ಮನನ್ನು ನೋಡಿದರು; ತಮ್ಮ ಅಣ್ಣನನ್ನು ನೋಡಿದರು; ನಡುವೆ ಬೀರು ಇರಲಿಲ್ಲ.

“ಏನೋ, ಸಣ್ಣಗಾಗಿದೀಯ,” ಎಂದರು ಅಪ್ಪ.

ಮೇಸ್ತ್ರಿ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡ.

“ಅಲ್ಲಮ್ಮಾ, ಮತ್ತೆ ಆ ಕೈ?” ಎಂದರು ಇಬ್ಬರು ಮುಖಂಡರೂ ಒಟ್ಟಿಗೆ.

ಮೆಲ್ಲಿಗೆ ಕಿಟಕಿಯಲ್ಲಿ ಎರಡು ಬೆವರಿದ ಮುಖಗಳು ಕಂಡವು. ಅವರ ಗುಟ್ಟು ಅವರದೇ, ಅದನ್ನು ಹೇಳುವುದು ಅವಳ ಕೆಲಸವಲ್ಲ. ತನ್ನದನ್ನು ಹೇಳಬಹುದು. ಅವಳು ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು, ಬಾಲ್ಕನಿಯಲ್ಲಿ ತಟ್ಟೆ ಹಿಡಿದ ಹಾಗೆ.

“ನಾನು ಗ್ರಂಥಾಲಯಕ್ಕೆ ಹೋಗ್ತಿರ್ಲಿಲ್ಲ ಅಪ್ಪಾ. ಡ್ರೈವಿಂಗ್ ಕಲೀತಿದೀನಿ. ಮುಂದೆ ಹೋಗೋಕೆ ಇನ್ನೂ ಭಯ ಆಗುತ್ತೆ, ಆದ್ರೆ ಹಿಂದಕ್ಕೆ ತೆಗೆಯೋದು ನಂಗೆ ಚೆನ್ನಾಗಿ ಬರುತ್ತೆ. ಎರಡೂ ಕೀಲಿ ಕೊಡಿ.”